ಸದರಿ ಹಿಂದುಳಿದವು ಜನರಲ್ಲ, ದಿನಗಳು

ಟ್ರ್‌ರ್‌ರ್‌ರ್‌ರ್‌ರ್... ಕ್ರೀಂಚ್. ಟ್ರ್‌ರ್‌ರ್‌ರ್... ಕ್ರೀಂಚ್. ಟ್ರ್‌ರ್... ಕ್ರೀಂಚ್. ಟ್ರ್. ಟ್ರ್.

ಈ ಸದ್ದು ನೆನಪಿದೆಯೇ? ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನದು. ಮೊದಲ ಸಾಲು ಉದ್ದ, ಮುಂದಿನದು ಅದಕ್ಕಿಂತ ಗಿಡ್ಡ. ಹೀಗೇ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಬರೀ ಒಂದು ಕೆಮ್ಮು.

ಕಳೆದ ಮಂಗಳವಾರ ಪಾಸ್‌ಬುಕ್ ಬರೆಸಲು ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಪುಸ್ತಕವನ್ನು ಮೆಷಿನ್ನಿನ ಬಾಯಿಗೆ ತುರುಕಿದಳು. ಅದು ಟ್ರ್‌ರ್‌ರ್ ಎಂದಿತು. ನಾನು ನಕ್ಕುಬಿಟ್ಟೆ. ಮುಗುಳ್ನಗೆಯಲ್ಲ. ಕಾನ್ವೆಂಟಿನಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಲ್ಲ, ಅಂಥ ನಗೆ.

ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸು ಭುಜ ಮುಟ್ಟಿ, "ಹುಷಾರಾಗಿದ್ದೀರಾ ಆಂಟಿ?" ಎಂದಳು.

"ಏನಿಲ್ಲಮ್ಮ, ಹಿಂದುಳಿದ-೧ ನೆನಪಾಯಿತು" ಎಂದೆ.

ಆಕೆಯೇ ಎರಡು ಹೆಜ್ಜೆ ಹಿಂದುಳಿದಳು.

ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ಹಿಂದೆ ಸರಿಯುವವರಲ್ಲ ಎಂಬ ಅಸಂಪ್ಷನ್ ಮೇಲೆ.

ತೊಂಬತ್ತರ ದಶಕದ ನಡುವಿನ ಮಾತು. ಸ್ಕೂಲಿನಿಂದ ರಿಟೈರ್ ಆಗಿ, ಬೆಳಿಗ್ಗೆ ಕ್ರಾಸ್‌ವರ್ಡ್ ಬಿಡಿಸುತ್ತಾ, ಮಧ್ಯಾಹ್ನ ಕನ್ನಡಕ ಹುಡುಕುತ್ತಾ ಇದ್ದೆ. ಮದುವೆಯ ರಗಳೆ ಹಚ್ಚಿಕೊಂಡವಳಲ್ಲ. ಊರಿಗೆಲ್ಲ 'ಮಿಸ್', ರಿಟೈರ್ ಆದ ಮೇಲೂ 'ಮಿಸ್'. ಒಂದು ದಿನ ನಾಗರಾಜು ಬಂದ. ಮೈಸೂರಿನ ಪಕ್ಕದ ಹಿನಕಲ್ಲಿನವನು, ಅವರಪ್ಪನ ರಾಗಿ ಹೊಲದ ಮೇಲೆ ಈಗ ಲೇಔಟ್ ಎದ್ದಿದೆ. ಹೈಸ್ಕೂಲಿನಲ್ಲಿದ್ದಾಗ ನನ್ನ ಬಳಿ ಇಂಗ್ಲಿಷ್ ಟ್ಯೂಷನ್ ಹೇಳಿಸಿಕೊಂಡಿದ್ದ ಹುಡುಗ, ಈಗ ಎಂಜಿನಿಯರ್. ಯಾದವಗಿರಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಒಂದು ಬಂಗಲೆಯ ಕಾರ್ ಶೆಡ್ಡಿನಲ್ಲಿ ಕಂಪನಿ ತೆರೆದಿದ್ದ.

"ಮಿಸ್, ನಮ್ ಸಾಫ್ಟ್‌ವೇರ್‌ಗೆ ಒಂದು ಮ್ಯಾನ್ಯುಯಲ್ ಬರ್ಕೊಡ್ಬೇಕು."

"ಏನು ಸಾಫ್ಟ್‌ವೇರೋ?"

"ಎಕನಾಮೆಟ್ರಿಕ್ಸು."

"ನಂಗೆ ಎಕನಾಮಿಕ್ಸೇ ಬರಲ್ಲ ಕಣೋ."

"ನಂಗೂ ಬರಲ್ಲ, ಬುಡಿ. ಮೇಷ್ಟ್ರಿಗೆ ಬರುತ್ತೆ. ಆದ್ರೆ ಮೇಷ್ಟ್ರು ಬರೆದದ್ದು ಯಾರ್ಗೂ ಅರ್ಥ ಆಗಲ್ಲ. ಅದಕ್ಕೇ ನೀವು."

ಮೇಷ್ಟ್ರು ಎಂದರೆ ಗುರುಲಿಂಗಪ್ಪನವರು. ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರ್ ಆಗಿ ರಿಟೈರ್ ಆದವರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಸ್ಕೇಲ್ ಇಟ್ಟು ಎಳೆದ ಹಾಗೆ. ಕೈಯಲ್ಲಿ ಬೇಸಿಗೆಯಲ್ಲೂ ಕೊಡೆ. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲಿದ್ದರು. ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟವನ್ನು ದಿನಾ ಪೇಪರಿನಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವರ ಪೂಜೆಯ ಒಂದು ಭಾಗ. ವರ್ಷಗಟ್ಟಲೆಯ ಆ ಅಂಕಿಗಳನ್ನೆಲ್ಲ ಈಗ ಕಂಪ್ಯೂಟರಿಗೆ ಉಣಿಸಿದ್ದರು.

ಮೊದಲ ದಿನವೇ ನನ್ನನ್ನು ಪ್ರಿಂಟರಿನ ಮುಂದೆ ಕೂರಿಸಿದರು. ಅದು ಟ್ರ್‌ರ್‌ರ್‌ರ್ ಎಂದು ನಕ್ಷತ್ರಗಳ ಸಾಲು ಉಗುಳಿತು. ಆಗಿನ ಗ್ರಾಫ್ ಎಂದರೆ ಅಷ್ಟೇ, ಕಾಗದದ ತುಂಬ ನಕ್ಷತ್ರದ ಚಿಹ್ನೆ. ಇವತ್ತಿನ ನೀರಿನ ಮಟ್ಟಕ್ಕೂ ನಿನ್ನೆಯದಕ್ಕೂ ಎಷ್ಟು ನಂಟು? ಮೊದಲ ಸಾಲಿನಲ್ಲಿ ಅಷ್ಟು ನಕ್ಷತ್ರ. ಮೊನ್ನೆಯದಕ್ಕೆ? ಎರಡನೆಯ ಸಾಲು, ಸ್ವಲ್ಪ ಕಡಿಮೆ. ಆಚೆ ಮೊನ್ನೆಗೆ ಇನ್ನೂ ಕಡಿಮೆ. ಆಟೋಕೋರಿಲೇಷನ್ ಎಂದರೆ ಇಷ್ಟೇ: ಒಂದು ವಸ್ತು ತನ್ನ ಹಿಂದಿನ ದಿನಗಳನ್ನು ಎಷ್ಟರ ಮಟ್ಟಿಗೆ ನೆನಪಿಟ್ಟುಕೊಂಡಿದೆ ಎಂಬ ಲೆಕ್ಕ.

"ಇಷ್ಟೇನಾ ಮೇಷ್ಟ್ರೇ? ನಾನು ಇಷ್ಟು ವರ್ಷದಿಂದ ಮಾಡ್ತಿರೋದು ಇದನ್ನೇ ಅಲ್ವಾ?"

"ನೀವು ಮಾಡ್ತಿರೋದು ಕೊರಗೋದು ಮಿಸ್. ಇದು ಅಳೆಯೋದು."

(ಪರಿಚಯವಾಗಿ ಅರ್ಧ ಗಂಟೆ ಕೂಡ ಆಗಿರಲಿಲ್ಲ!)

ನಕ್ಷತ್ರಗಳ ಎರಡೂ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಚುಕ್ಕಿಗಳ ಒಂದೊಂದು ಗೆರೆ ಇತ್ತು. ಅದೇನೆಂದು ಕೇಳಿದೆ.

"ನಕ್ಷತ್ರದ ಸಾಲು ಆ ಗೆರೆ ದಾಟಿದ್ರೆ ನಂಟು ನಿಜ. ಒಳಗೇ ಉಳಿದ್ರೆ ಬರೀ ಕಾಕತಾಳೀಯ ಇರ್ಬಹುದು."

"ಚೆನ್ನಾಗಿದೆಯಲ್ಲ!"

"ಚೆನ್ನಾಗಿಲ್ಲ ಮಿಸ್. ಇವತ್ತಿಗೆ ನಿನ್ನೆಯ ನೆನಪೇ ಇಲ್ಲ ಅಂತ ಅಂದ್ಕೊಂಡು ಎಳೆದಿರೋ ಗೆರೆ ಇದು. ನೆನಪಿರೋ ವಸ್ತುವಾದ್ರೆ, ಕೆಳಗೆ ಹೋಗ್ತಾ ಹೋಗ್ತಾ ಎರಡು ಗೆರೆ ನಡುವಿನ ಜಾಗ ಅಗಲ ಆಗ್ಬೇಕು. ನಮ್ಮ ನಾಗರಾಜು ನೆಟ್ಟಗೆ ಎಳೆದುಬಿಟ್ಟಿದ್ದಾನೆ. ತಿದ್ದೋ ಅಂದ್ರೆ ಟೈಮ್ ಇಲ್ಲ ಅಂತಾನೆ. ಸರಿ, ಹಾಗಿದ್ರೆ ಏನು ಅಂದ್ಕೊಂಡು ಎಳೆದ್ವಿ ಅಂತಾದ್ರೂ ಬರೀಬೇಡ್ವಾ? ಮ್ಯಾನ್ಯುಯಲ್‌ನಲ್ಲಿ ಒಂದು ಅಸಂಪ್ಷನ್ ಪುಟ ಬೇಕು ಮಿಸ್. ಒಂದೇ ಒಂದು ಪುಟ."

ಅಸಂಪ್ಷನ್ ಎಂದೊಡನೆ ನನಗೆ ನೆನಪಾದದ್ದೇನು ಗೊತ್ತೇ? ಆಗಸ್ಟ್ ಹದಿನೈದು. ನಮ್ಮ ಕಾನ್ವೆಂಟಿನಲ್ಲಿ ಅಂದು ಎರಡು ಹಬ್ಬ. ಬೆಳಿಗ್ಗೆ ಧ್ವಜ, ಆಮೇಲೆ ಚ್ಯಾಪೆಲ್‌ನಲ್ಲಿ ಫೀಸ್ಟ್ ಆಫ್ ದಿ ಅಸಂಪ್ಷನ್. ದೇವಮಾತೆ ದೇಹಸಮೇತ ಸ್ವರ್ಗಕ್ಕೇರಿದ ದಿನ. ಎಷ್ಟೋ ವರ್ಷ, ಅಸಂಪ್ಷನ್ ಎಂದರೆ ಒಬ್ಬರು ಕಣ್ಣೆದುರೇ ಮೇಲಕ್ಕೆ ಹೊರಟುಹೋಗುವುದು ಎಂದೇ ತಿಳಿದಿದ್ದೆ. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಗಂಭೀರವಾಗಿ, "ಅದಕ್ಕೂ ಕೆಲವು ಷರತ್ತು ಇದ್ದೇ ಇರುತ್ತೆ ಮಿಸ್" ಎಂದರು.

ನಾಗರಾಜು ಮಾತ್ರ ಪುಟದ ಸುದ್ದಿ ಕೇಳಿ ಹಾರಿಬಿದ್ದ.

"ನಮ್ ಗೆರೆ ಮೇಲೆ ನಮ್ಗೇ ಡೌಟು ಅಂತ ನಾವೇ ಬರ್ಕೊಟ್ರೆ ಯಾವನ್ ತಗೋತಾನೆ ಮೇಷ್ಟ್ರೇ? ಔಷಧಿ ಬಾಟ್ಲಿ ಮೇಲೆ ವಿಷ ಅಂತ ಬರೆದಂಗೆ ಆಯ್ತದೆ!"

"ವಿಷ ಅಂತ ಅಲ್ಲಪ್ಪ. 'ಊಟ ಆದ ಮೇಲೆ' ಅಂತ ಬರೆದಿರಲ್ವಾ ಬಾಟ್ಲಿ ಮೇಲೆ? ಹಾಗೆ."

"ಯಾರ್ ಓದ್ತಾರೆ ಅದ್ನ?"

"ಹೊಟ್ಟೆ ಉರಿದೋನು ಓದ್ತಾನೆ." ಮೇಷ್ಟ್ರು ಕೊಡೆ ತೆಗೆದುಕೊಂಡು ಎದ್ದರು. "ಪುಟ ಇಲ್ಲ ಅಂದ್ರೆ ನನ್ನ ಹೆಸರೂ ಬೇಡ. ನಾನೂ ಬೇಡ."

ಒಂದು ಪುಟಕ್ಕೆ ಇಷ್ಟೊಂದೇ? ಗೇಟಿನವರೆಗೂ ಹೋಗಿ ಕೇಳಿದೆ. ಮೇಷ್ಟ್ರು ಕೊಡೆಯ ತುದಿಯಿಂದ ನೆಲ ಕೆದಕುತ್ತಾ ಹೇಳಿದರು. ಎಷ್ಟೋ ವರ್ಷದ ಹಿಂದೆ ಒಂದು ಮಠದ ಹಾಸ್ಟೆಲಿಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕೆಂದು ಇವರು ಗ್ರಾಫ್ ಹಾಕಿ ಕೊಟ್ಟಿದ್ದರಂತೆ. ಬರುವ ತಿಂಗಳೂ ಹೋದ ತಿಂಗಳ ಹಾಗೇ ಇದ್ದರೆ ಮಾತ್ರ ಈ ಲೆಕ್ಕ ಎಂದು ಕೆಳಗೆ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಎಂದುಕೊಂಡರು. ಆ ತಿಂಗಳು ಪರೀಕ್ಷೆ ಬರೆಯಲು ಹಳ್ಳಿಗಳಿಂದ ಹುಡುಗರ ದಂಡೇ ಬಂತು. ಅಕ್ಕಿ ಮುಗಿಯಿತು. ಎರಡು ದಿನ ಎಲ್ಲರೂ ಗಂಜಿ ಕುಡಿದು ಪರೀಕ್ಷೆಗೆ ಹೋದರು.

"ಗಂಜಿ ಕುಡಿದ ಹುಡುಗ್ರು ನನ್ನನ್ನ ನೋಡಿ ಎದ್ದು ನಮಸ್ಕಾರ ಮಾಡಿದ್ರು ಮಿಸ್. ಅದೇ ತಡ್ಕೊಳ್ಳಕ್ಕೆ ಆಗಲಿಲ್ಲ."

ಅಂದಿನಿಂದ ಅವರು ಅಸಂಪ್ಷನ್ ಇಲ್ಲದೆ ಮಾತೇ ಆಡುತ್ತಿರಲಿಲ್ಲ. ನಮ್ಮಲ್ಲಿ ಹೊರಡುವವರು ಯಾರಾದರೂ 'ಹೋಗ್ತೀನಿ' ಅನ್ನುತ್ತಾರೆಯೇ? 'ಬರ್ತೀನಿ' ಅನ್ನುತ್ತಾರೆ. ಊರು ಬಿಟ್ಟು ಹೋಗುವವನೂ ಬರ್ತೀನಿ, ಇನ್ನು ನಿಮ್ಮ ಮನೆ ಮೆಟ್ಟಿಲು ತುಳಿಯೋಲ್ಲ ಎಂದು ಜಗಳ ಆಡಿ ಎದ್ದವನೂ ಅಭ್ಯಾಸಬಲದಿಂದ ಬರ್ತೀನಿ. ಮೇಷ್ಟ್ರ ಬರ್ತೀನಿಗೆ ಮಾತ್ರ ಬಾಲ ಇರುತ್ತಿತ್ತು. "ಬರ್ತೀನಿ ಮಿಸ್. ಬಸ್ಸು ಇದ್ರೆ. ಮಂಡಿ ಹಿಡ್ಕೊಳ್ಳದಿದ್ರೆ. ನಾಳೆಯೂ ಹೆಚ್ಚೂಕಮ್ಮಿ ಇವತ್ತಿನ ಹಾಗೇ ಇದ್ರೆ." ಪ್ರತಿ ಸಾಯಂಕಾಲ ಹೀಗೆ.

"ಮೇಷ್ಟ್ರು ಹೊರಡಕ್ಕೆ ಐದ್ ನಿಮಿಷ ಬೇಕು, ಫುಟ್‌ನೋಟ್ ಓದ್ಬುಟ್ಟು ಹೊರಡ್ತಾರೆ" ಎಂದು ನಾಗರಾಜು ಆಡಿಕೊಳ್ಳುತ್ತಿದ್ದ. ಆಡಿಕೊಂಡರೂ ಅವರಿಲ್ಲದೆ ಅವನ ಸಾಫ್ಟ್‌ವೇರ್ ನಡೆಯದು. ಪುಟಕ್ಕೆ ಒಪ್ಪಿದ. ಆದರೆ ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಕೆಆರ್‌ಎಸ್ ನೀರಿಗೆ ನೆನಪು ಜಾಸ್ತಿ. ಅದರ ಪಕ್ಕದಲ್ಲಿ ನೆನಪೇ ಇಲ್ಲದ ಒಂದು ವಸ್ತುವಿನ ಗ್ರಾಫ್ ಬೇಕು, ಆಗ ಓದುವವರಿಗೆ ಗೆರೆಯ ಮರ್ಮ ತಿಳಿಯುತ್ತದೆ ಎಂದರು.

ಹುಡುಕಾಟ ಶುರುವಾಯಿತು. ಪೋಸ್ಟ್‌ಮ್ಯಾನ್ ದಿನಾ ಎಷ್ಟು ಕಾಗದ ತರುತ್ತಾನೆ ಎಂದು ನಾನು ಬರೆದಿಟ್ಟೆ. ಮೂರು ದಿನ ಏನೂ ತರದೆ ನಾಲ್ಕನೆಯ ದಿನ ಒಟ್ಟಿಗೆ ತರುತ್ತಿದ್ದ, ನೆನಪಿತ್ತು. ಕರೆಂಟು ಹೋಗುವ ಹೊತ್ತು ಬರೆದಿಟ್ಟೆವು. ಅದು ನನಗಿಂತ ಶಿಸ್ತಿನದು. ನಾಗರಾಜು ತನ್ನ ಹೆಂಡತಿ ಕಳಿಸುವ ಸಾರಿನ ಉಪ್ಪನ್ನು ಸೂಚಿಸಿದ. ತಿಂಗಳಿಡೀ ಮೂವರೂ ರುಚಿ ನೋಡಿ ಮಾರ್ಕ್ಸ್ ಹಾಕಿದೆವು. ನಿನ್ನೆ ಉಪ್ಪು ಜಾಸ್ತಿಯಾಗಿದ್ದರೆ ಇವತ್ತು ಖಂಡಿತ ಸಪ್ಪೆ. ನಕ್ಷತ್ರಗಳು ಉಲ್ಟಾ ಕಡೆಗೆ ಓಡಿದವು!

"ನೋಡಿ, ನೆನಪಿದೆ. ಪಾಪ, ಜಾಸ್ತಿನೇ ಇದೆ" ಎಂದರು ಮೇಷ್ಟ್ರು.

"ನಾನೇ ಬೆಳಿಗ್ಗೆ ಬೈದಿರ್ತೀನಲ್ಲ ಮೇಷ್ಟ್ರೇ" ಎಂದ ನಾಗರಾಜು, ತಲೆ ಬಗ್ಗಿಸಿ.

ನಿನ್ನೆಯನ್ನು ಮರೆತ ಒಂದೇ ಒಂದು ವಸ್ತು ಮೈಸೂರಿನಲ್ಲಿ ಸಿಗಲಿಲ್ಲ.

ಕೊನೆಗೆ ಮೇಷ್ಟ್ರಿಗೆ ಹೊಳೆದದ್ದು ಲಾಟರಿ. ಗೆದ್ದ ನಂಬರಿನ ಕೊನೆಯ ಅಂಕಿಗೆ ನಿನ್ನೆಯ ಹಂಗಿಲ್ಲ. ಟಿಕೆಟ್ ಮುಟ್ಟುವವರಲ್ಲ ಅವರು. ದಿನಾ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಮುಂದೆ ನಿಂತು, ಸ್ಲೇಟಿನಲ್ಲಿ ಬರೆದ ನಂಬರು ನೋಡಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರುತ್ತಿದ್ದರು. ವಿಭೂತಿ, ಕೊಡೆ, ನೋಟ್‌ಬುಕ್ಕು, ಲಾಟರಿ ಅಂಗಡಿ. ಊರು ಸುಮ್ಮನಿರುತ್ತದೆಯೇ? ಹದಿನೈದು ದಿನಕ್ಕೆ ಅವರ ಅಕ್ಕ ಊಟ ಬಿಟ್ಟರು. ಒಂದು ತಿಂಗಳಿಗೆ ಮಠದ ಹಿರಿಯರೊಬ್ಬರು ಶೆಡ್ಡಿಗೇ ಬಂದರು.

"ಗುರುಲಿಂಗಪ್ಪೋರೇ, ನಿಮಗೇನು ಕಡಿಮೆ ಆಗಿತ್ತು?"

"ನೆನಪಿಲ್ಲದ್ದು ಒಂದು ಬೇಕಾಗಿತ್ತು ಬುದ್ಧಿ" ಎಂದರು ಮೇಷ್ಟ್ರು, ಕೈ ಮುಗಿದು. ಹಿರಿಯರು ಕಣ್ಣೊರೆಸಿಕೊಂಡರು. ತೀರಿಕೊಂಡ ಹೆಂಡತಿಯನ್ನು ಮರೆಯಲು ಲಾಟರಿಗೆ ಬಿದ್ದಿದ್ದಾರೆ ಎಂದೇ ಅವರ ಅಸಂಪ್ಷನ್. ನಾವು ಯಾರೂ ತಿದ್ದಲಿಲ್ಲ.

ಅಂತೂ ಪುಟ ಸಿದ್ಧವಾಯಿತು. ಒಂದು ದಿನವೂ ತಪ್ಪದೆ ಬರೆದ ಅಂಕಿಗಳಾಗಿರಬೇಕು. ಆ ಅಂಕಿಗಳ ಸ್ವಭಾವ ನಡುವೆ ಬದಲಾಗಿರಬಾರದು. ಮುಖ್ಯವಾಗಿ, ಇವತ್ತಿಗೆ ನಿನ್ನೆಯ ನೆನಪಿಲ್ಲ ಎಂದು ಭಾವಿಸಿ ಈ ಚುಕ್ಕಿಗೆರೆ ಎಳೆದಿದೆ. ನೆನಪಿದ್ದರೆ ಗೆರೆಯನ್ನು ನಂಬಬೇಡಿ. ಮೇಷ್ಟ್ರು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು, ಪ್ರಸಾದದ ಹಾಗೆ.

ಕೆಡಿಸಿದವಳು ನಾನು.

ಊರಿನ ಒಂದು ಸರ್ಕಾರಿ ಕಚೇರಿ ನಮ್ಮ ಮೊದಲ ಗಿರಾಕಿ. ಮ್ಯಾನ್ಯುಯಲ್ ಕನ್ನಡದಲ್ಲೇ ಇರಬೇಕೆಂದು ಪಟ್ಟು. ನಾಗರಾಜು ಎಲ್ಲವನ್ನೂ ನನ್ನ ತಲೆಗೆ ಕಟ್ಟಿದ. ಕನ್ನಡ ಮಾತಾಡಿದರೆ ಫೈನ್ ಹಾಕುತ್ತಿದ್ದ ಸ್ಕೂಲಿನಲ್ಲಿ ಓದಿದವಳು ನಾನು! ಪ್ರತಿ ನಕ್ಷತ್ರದ ಸಾಲಿನ ಎಡಕ್ಕೂ ಲ್ಯಾಗ್ ೧, ಲ್ಯಾಗ್ ೨ ಎಂದು ಇರುತ್ತಿತ್ತು. ಒಂದು ದಿನ ಹಿಂದಿನದು, ಎರಡು ದಿನ ಹಿಂದಿನದು ಎಂದರ್ಥ. ನನ್ನ ನಿಘಂಟು ತೆರೆದೆ. ಲ್ಯಾಗ್: ಹಿಂದುಳಿ. ಬಹಳ ಖುಷಿಯಾಗಿ ಬರೆದೆ. ಹಿಂದುಳಿದ-೧, ಹಿಂದುಳಿದ-೨, ಹಿಂದುಳಿದ-೩... ಹನ್ನೆರಡರವರೆಗೆ. ಟೈಪ್ ಮಾಡಿಸಿ, ಜೆರಾಕ್ಸ್ ಹೊಡೆಸಿ, ಐವತ್ತು ಪ್ರತಿ ಬೈಂಡ್ ಮಾಡಿಸಿದೆವು.

ಕಚೇರಿಗೆ ಕಳಿಸಿದ ಒಂದು ಪ್ರತಿಯ ಸುದ್ದಿಯೇ ನಾಲ್ಕು ತಿಂಗಳು ಇಲ್ಲ. ಆಮೇಲೆ ಬೇರೆ ಯಾವುದೋ ಇಲಾಖೆಯಿಂದ ಆ ಪ್ರತಿಯ ಜೊತೆಗೇ ಒಂದು ಪತ್ರ ಬಂತು. 'ಹಿಂದುಳಿದ' ಎಂಬುದನ್ನು ನೋಡಿದ ಯಾರೋ ಗುಮಾಸ್ತರು ಫೈಲನ್ನು ಆ ಕಡೆಗೆ ದಬ್ಬಿದ್ದರು. ಆ ಪತ್ರ ನನಗೆ ಬಾಯಿಪಾಠವಾಗಿದೆ.

"ಸದರಿ ಪುಸ್ತಕದಲ್ಲಿ ಹಿಂದುಳಿದ-೧ರಿಂದ ಹಿಂದುಳಿದ-೧೨ರವರೆಗೆ ನಮೂದಿಸಲಾಗಿದ್ದು, ೨ಎ, ೨ಬಿ, ೩ಎ, ೩ಬಿ ಕಂಡುಬಂದಿರುವುದಿಲ್ಲ. ಸದರಿ ಪ್ರವರ್ಗಗಳನ್ನು ಕೈಬಿಟ್ಟಿರುವ ಬಗ್ಗೆ ಸಮಜಾಯಿಷಿ ಸಲ್ಲಿಸತಕ್ಕದ್ದು. ಅಲ್ಲದೆ ಹಿಂದುಳಿದ-೧ಕ್ಕೆ ಅತಿ ಹೆಚ್ಚು ನಕ್ಷತ್ರಗಳನ್ನೂ ಹಿಂದುಳಿದ-೧೨ಕ್ಕೆ ಅತಿ ಕಡಿಮೆ ನಕ್ಷತ್ರಗಳನ್ನೂ ನೀಡಿರುವುದರ ಮಾನದಂಡವನ್ನು ತಿಳಿಸತಕ್ಕದ್ದು."

ನಾಗರಾಜು ತಲೆಯ ಮೇಲೆ ಕೈ ಹೊತ್ತು ಕೂತ. "ಎಲ್ಲಾ ಆ ಪುಟದಿಂದ್ಲೇ ಆದದ್ದು! ಅದನ್ನ ಓದಕ್ಕೆ ಹೋಗಿಯೇ ಅವ್ರ ಕಣ್ಣು ಅಲ್ಲಿಗ್ ಬಿತ್ತು. ಕಿತ್ ಹಾಕ್ಬುಡಿ ಮಿಸ್, ಐವತ್ತರಿಂದ್ಲೂ."

ಮೇಷ್ಟ್ರು ಎದ್ದು ಕೊಡೆ ಹುಡುಕಿದರು. ಕೊಡೆ ಅವರ ಕೈಯಲ್ಲೇ ಇತ್ತು.

ನನಗೆ ಎಲ್ಲಿಂದ ಬಂತೋ ಕೋಪ, ಹಳೆಯ ಟ್ಯೂಷನ್ ದನಿಯೇ ಬಂದುಬಿಟ್ಟಿತು. "ನಾಗರಾಜೂ! ತಪ್ಪು ನನ್ನ ಪದದ್ದು. ಅವರ ಪುಟ ಯಾಕೋ ಕೀಳ್ತೀಯಾ? ಸ್ಪೆಲಿಂಗ್ ತಪ್ಪಾದ್ರೆ ನಾನು ನಿನ್ನ ನೋಟ್‌ಬುಕ್ಕೇ ಹರಿದು ಹಾಕ್ತಿದ್ನಾ?"

"ಒಂದ್ಸಲ ಹರಿದಿದ್ರಿ ಮಿಸ್."

"ಅದು ತಪ್ಪು. ಈಗ ಹೇಳ್ತಿದೀನಲ್ಲ."

ಅವನು ನನ್ನನ್ನೂ ಮೇಷ್ಟ್ರನ್ನೂ ನೋಡಿದ. "ಏನಾರಾ ಮಾಡ್ಕೊಳ್ಳಿ, ಬುಡಿ" ಎಂದು ಕಾಫಿ ತರಿಸಲು ಎದ್ದುಹೋದ.

ನಾವಿಬ್ಬರೂ ನೆಲದ ಮೇಲೆ ಪೇಪರ್ ಹಾಸಿಕೊಂಡು, ಮೈದಾ ಅಂಟು ಮಾಡಿಕೊಂಡು, ಐವತ್ತು ಪ್ರತಿಗೂ ತಿದ್ದೋಲೆ ಅಂಟಿಸಿದೆವು. 'ಹಿಂದುಳಿದ' ಎಂದಿರುವಲ್ಲೆಲ್ಲ 'ಹಿಂದಿನ ದಿನ' ಎಂದು ಓದಿಕೊಳ್ಳಿ. ಮೂರು ಸಾಯಂಕಾಲ ಹಿಡಿಯಿತು. ನಾನು ಅಂಟು ಬಳಿದು ಕೊಡುವುದು, ಅವರು ಅಂಚಿಗೆ ಅಂಚು ಕೂಡಿಸಿ ಅಂಗೈಯಿಂದ ಒತ್ತುವುದು. ಮೂರನೆಯ ದಿನ ಇನ್ನೂ ಐವತ್ತು ಇದ್ದಿದ್ದರೆ ಎನಿಸಿತು. (ಈ ವಯಸ್ಸಿನಲ್ಲಿ ಬರೆದರೆ ಯಾರೇನು ಅನ್ನುತ್ತಾರೆ, ಬಿಡಿ.)

ಇಲಾಖೆಗೆ ಉತ್ತರವನ್ನು ಮೇಷ್ಟ್ರೇ ಬರೆದರು. ಒಂದೇ ವಾಕ್ಯ: "ಸದರಿ ಹಿಂದುಳಿದವು ಜನರಲ್ಲ, ದಿನಗಳು ಎಂದು ತಮ್ಮ ಅವಗಾಹನೆಗೆ ತರಲಾಗಿದೆ."

ಅದಕ್ಕೂ ಉತ್ತರ ಬಂತು! "ದಿನಗಳ ಕಲ್ಯಾಣವು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ."

ಹಾಗಾದರೆ ಅದು ಯಾವ ಇಲಾಖೆಯ ವ್ಯಾಪ್ತಿಗೆ ಬರುತ್ತದೆ? ಹಿಂದುಳಿದ ದಿನಗಳನ್ನು ನೋಡಿಕೊಳ್ಳುವವರು ಯಾರು? ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಕಾಲ ಕಳೆಯಿತು. ಬಣ್ಣಬಣ್ಣದ ಸ್ಕ್ರೀನಿನ ಸಾಫ್ಟ್‌ವೇರ್‌ಗಳು ಬಂದವು, ಪ್ರಿಂಟರ್ ಬಾಯಿ ಮುಚ್ಚಿತು, ನಾಗರಾಜು ಶೆಡ್ಡು ಮುಚ್ಚಿ ಕಂಪ್ಯೂಟರ್ ರಿಪೇರಿಗೆ ಇಳಿದ. ಮೇಷ್ಟ್ರು ಅಕ್ಕನ ಜೊತೆ ವಿಜಯನಗರಕ್ಕೆ ಮನೆ ಬದಲಿಸಿದರು. ಒಂದು ಪುಟದ ನೆಪ ಮುಗಿದ ಮೇಲೆ ಇಬ್ಬರು ವಯಸ್ಸಾದವರು ಮತ್ತೆ ಮತ್ತೆ ಭೇಟಿಯಾಗಲು ನಮ್ಮ ಊರಿನಲ್ಲಿ ಕಾರಣ ಏನಿದೆ, ಹೇಳಿ?

ಆರು ವರ್ಷದ ಮೇಲೆ ಒಂದು ಬೆಳಿಗ್ಗೆ ನನ್ನ ಗೇಟಿನ ಚಿಲಕ ಸದ್ದಾಯಿತು. ಮೇಷ್ಟ್ರು. ಅದೇ ಕೊಡೆ. ವಿಭೂತಿಯ ಗೆರೆ ಮಾತ್ರ ಸ್ವಲ್ಪ ಸೊಟ್ಟ. ತಿದ್ದೋಲೆಯ ದಿನಗಳಲ್ಲಿ ಒಯ್ದಿದ್ದ ನನ್ನ ನಿಘಂಟನ್ನು ಹಿಂದಿರುಗಿಸಲು ಬಂದಿದ್ದರು. ಲ್ಯಾಗ್ ಇದ್ದ ಪುಟ ತೆಗೆದು ತೋರಿಸಿದರು. ಅಲ್ಲೂ ಒಂದು ತಿದ್ದೋಲೆ, ಅಂಚಿಗೆ ಅಂಚು ಕೂಡಿಸಿ! 'ಹಿಂದುಳಿ' ಎಂದಿರುವಲ್ಲಿ 'ಹಿಂದಿನ ದಿನ' ಎಂದು ಓದಿಕೊಳ್ಳಿ.

"ನಿಘಂಟಿಗೇ ತಿದ್ದೋಲೆನಾ ಮೇಷ್ಟ್ರೇ?"

"ಮುಂದೆ ಯಾರಾದ್ರೂ ನೋಡಿ ಮೋಸ ಹೋಗ್ಬಾರ್ದಲ್ಲ ಮಿಸ್."

"ಕೆಆರ್‌ಎಸ್ ಈಗಲೂ ಬರ್ಕೊಳ್ತೀ‌ರಾ?"

"ಇಲ್ಲ ಮಿಸ್. ಆಸ್ಪತ್ರೇಲಿದ್ದಾಗ ಹನ್ನೊಂದು ದಿನ ತಪ್ಪಿಹೋಯ್ತು. ಒಂದು ದಿನವೂ ತಪ್ಪಬಾರದು ಅಂತ ನಾವೇ ಬರೆದಿದ್ವಲ್ಲ, ನಿಲ್ಲಿಸಿಬಿಟ್ಟೆ."

ಏನಾಗಿತ್ತು ಎಂದು ಕೇಳಿದೆ. "ಏನೋ ಒಂದು" ಎಂದರು. ಕಾಫಿ ಕುಡಿದರು. ಸಾರಿನ ಉಪ್ಪನ್ನು ನೆನೆದು ಇಬ್ಬರೂ ನಕ್ಕೆವು. ಗೇಟಿನ ಬಳಿ ನಿಂತು ಕೊಡೆ ಬಿಚ್ಚಿದರು. ನಾನು ಬಾಲಕ್ಕಾಗಿ ಕಾದೆ. ಬಸ್ಸು, ಮಂಡಿ, ನಾಳೆ.

"ಬರ್ತೀನಿ ಮಿಸ್" ಎಂದರು. ಅಷ್ಟೇ. ತಿರುವಿನವರೆಗೂ ನಡೆದು ಹೋದರು.

ಅದೇ ಕೊನೆ, ಮತ್ತೆ ನಾನು ಅವರನ್ನು ನೋಡಲಿಲ್ಲ. ಮೇಷ್ಟ್ರೇ, ಬರ್ತೀನಿ ಅಂದಿರಲ್ಲ, ಅದರ ಅಸಂಪ್ಷನ್ ಎಲ್ಲಿ?